‘ಹ್ಯಾವ್’ ಎಲ್ಲಿ ಕೆಡುತ್ತದೆ, ಹೇಗೆ ರಿಪೇರಿ ಮಾಡುವುದು

“ಐ ಆ್ಯಮ್ ಹ್ಯಾವಿಂಗ್ ಟೂ ಬ್ರದರ್ಸ್.”
“ಅವರ್ ಹೋಂಸ್ಟೇ ಈಸ್ ಹ್ಯಾವಿಂಗ್ ಫೋರ್ ರೂಮ್ಸ್.”
“ಐ ಹ್ಯಾಡ್ ಗಾನ್ ಟು ಸಾಗರ ಯೆಸ್ಟರ್‌ಡೇ.”
“ಇಟ್ ಈಸ್ ರೇನಿಂಗ್ ಸಿನ್ಸ್ ತ್ರೀ ಡೇಸ್.”

ಈ ನಾಲ್ಕು ವಾಕ್ಯಗಳನ್ನು ಶಿವಮೊಗ್ಗದಲ್ಲಿ ಎಲ್ಲಿ ಹೇಳಿದರೂ ಅರ್ಥ ಆಗುತ್ತದೆ. ಯಾರೂ ನಗುವುದಿಲ್ಲ. ಯಾಕೆಂದರೆ ಕೇಳಿಸಿಕೊಂಡವರೂ ಹೀಗೇ ಹೇಳುವವರು. ತೊಂದರೆ ಶುರುವಾಗುವುದು ಊರು ದಾಟಿದ ಮೇಲೆ. ಬೆಂಗಳೂರಿನ ಇಂಟರ್‌ವ್ಯೂ, ಹೊರದೇಶದ ಅತಿಥಿಗೆ ಕಳಿಸುವ ಈಮೇಲ್, ಐಇಎಲ್‌ಟಿಎಸ್ ಪರೀಕ್ಷೆ, ಇಂಥ ಕಡೆ ಸಿಕ್ಕಿಬೀಳುತ್ತೇವೆ. ನಾಲ್ಕರಲ್ಲೂ ಕೆಟ್ಟಿರುವುದು ಒಂದೇ ಕ್ರಿಯಾಪದ, ಹ್ಯಾವ್. ಕೊನೆಯ ವಾಕ್ಯದಲ್ಲಿ ಹ್ಯಾವ್ ಕಾಣುವುದೇ ಇಲ್ಲ ಅಲ್ವಾ? ಅಲ್ಲಿನ ದೋಷವೇ ಅದು. ಇರಬೇಕಾದ ಜಾಗದಲ್ಲಿ ಇಲ್ಲ.

ಗ್ರಾಮರ್ ಪುಸ್ತಕಗಳು ಇದನ್ನು ಟೆನ್ಸ್ ಲೆಕ್ಕದಲ್ಲಿ ಕಲಿಸುತ್ತವೆ. ಹನ್ನೆರಡು ಟೆನ್ಸ್‌ಗಳ ಪಟ್ಟಿಯನ್ನು ಬಾಯಿಪಾಠ ಒಪ್ಪಿಸುವ ಹುಡುಗರೂ ಹೊರಗೆ ಬಂದು “ಐ ಆ್ಯಮ್ ಹ್ಯಾವಿಂಗ್” ಎಂದೇ ಶುರು ಮಾಡುತ್ತಾರೆ. ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ನಮ್ಮ ತಪ್ಪು ಹುಟ್ಟುವುದು ಇಂಗ್ಲಿಷಿನಲ್ಲಿ ಅಲ್ಲ, ಅದಕ್ಕೂ ಮೊದಲು ತಲೆಯಲ್ಲಿ ಓಡುವ ಕನ್ನಡ ವಾಕ್ಯದಲ್ಲಿ. ತೋಟದ ಪಂಪು ನೀರೆತ್ತದಿದ್ದರೆ ಮೋಟರ್ ಬಿಚ್ಚುವ ಮೊದಲು ಬಾವಿಯೊಳಗಿನ ಫುಟ್‌ವಾಲ್ವ್ ನೋಡುತ್ತೇವಲ್ಲ, ಹಾಗೆ ಇಲ್ಲಿ ಮೊದಲು ಕನ್ನಡದ ಕಡೆ ನೋಡಬೇಕು.

ಕನ್ನಡದಲ್ಲಿ ಹ್ಯಾವ್‌ಗೆ ನೇರ ಜೋಡಿಯಾಗುವ ಕ್ರಿಯಾಪದ ಇಲ್ಲ. ಅದರ ಕೆಲಸವನ್ನು ನಮ್ಮಲ್ಲಿ ನಾಲ್ಕೈದು ಜನ ಹಂಚಿಕೊಂಡಿದ್ದಾರೆ: ಇದೆ, ಇದ್ದೇನೆ, ಆಯ್ತು, ಬೇಕು, ಮತ್ತೆ ಮಾಡಿಸು, ತೆಗೆಸು ಎನ್ನುವಾಗ ಬರುವ ‘ಇಸು’. ಹಾಗಾಗಿ ಪರೀಕ್ಷೆ ಸುಲಭ. ಹೇಳಬೇಕಾದ್ದನ್ನು ಮೊದಲು ಕನ್ನಡದಲ್ಲಿ ಹೇಳಿ, ಮನೆಯಲ್ಲಿ ಮಾತಾಡುವ ಹಾಗೆಯೇ. ಆಮೇಲೆ ವಾಕ್ಯದ ಬಾಲ ನೋಡಿ. ಬಾಲದಲ್ಲಿ ಏನಿದೆ ಎನ್ನುವುದರ ಮೇಲೆ ರಿಪೇರಿ.

ಮಾತಾಡುವಾಗ ಇಷ್ಟಕ್ಕೆಲ್ಲ ಪುರಸೊತ್ತು ಎಲ್ಲಿದೆ ಮಾರಾಯ್ರೇ ಎಂದು ಕೇಳಬಹುದು. ನಿಜ. ಅದಕ್ಕೇ ಮೊದಲು ಬರೆಯುವಾಗ ಮಾಡಿ. ವಾಟ್ಸಾಪ್ ಮೆಸೇಜು, ರಜಾ ಅರ್ಜಿ, ಅತಿಥಿಗೆ ಉತ್ತರ, ಇವನ್ನೆಲ್ಲ ಕಳಿಸುವ ಮೊದಲು ಒಂದು ಸಲ ತಿರುಗಿ ನೋಡಲು ಟೈಮ್ ಇರುತ್ತದೆ. ಬಾಯಿಗೆ ಅದು ನಿಧಾನಕ್ಕೆ ಇಳಿಯುತ್ತದೆ.

ಲಕ್ಷಣ 1: ಇರುವುದಕ್ಕೆಲ್ಲ “ಹ್ಯಾವಿಂಗ್”

ನಾನು ಕಂಡ ಹಾಗೆ ಎಲ್ಲಕ್ಕಿಂತ ಜಾಸ್ತಿ ಬರುವ ದೋಷ ಇದು. ಇಂಟರ್‌ವ್ಯೂನಲ್ಲಿ “ಐ ಆ್ಯಮ್ ಹ್ಯಾವಿಂಗ್ ತ್ರೀ ಇಯರ್ಸ್ ಎಕ್ಸ್‌ಪೀರಿಯೆನ್ಸ್.” ಬಸ್ಸಿನಲ್ಲಿ ಪಕ್ಕದ ಸೀಟಿನವರಿಗೆ “ವಿ ಆರ್ ಹ್ಯಾವಿಂಗ್ ಟೂ ಏಕರ್ಸ್.” ಹೊರಗಿನಿಂದ ಬಂದ ಗಿರಾಕಿಗೆ “ಐ ಆ್ಯಮ್ ನಾಟ್ ಹ್ಯಾವಿಂಗ್ ಚೇಂಜ್.”

ಇವುಗಳ ಕನ್ನಡ ಹೇಳಿ ನೋಡಿ. ನನಗೆ ಮೂರು ವರ್ಷ ಅನುಭವ ಇದೆ. ನಮಗೆ ಎರಡು ಎಕರೆ ತೋಟ ಇದೆ. ನನ್ನ ಹತ್ತಿರ ಚಿಲ್ಲರೆ ಇಲ್ಲ. ಮೂರರಲ್ಲೂ ಯಾರೋ ಒಬ್ಬರು ಇದ್ದಾರೆ. ಅವರಿಗೆ ‘ಗೆ’ ಅಥವಾ ‘ಹತ್ತಿರ’ ಅಂಟಿಕೊಂಡಿದೆ. ಬಾಲದಲ್ಲಿ ಇದೆ ಅಥವಾ ಇಲ್ಲ. ಇಂಥ ವಾಕ್ಯಕ್ಕೆ ಬರಿಯ ಹ್ಯಾವ್ ಸಾಕು. ‘ಗೆ’, ‘ಹತ್ತಿರ’ ಎರಡನ್ನೂ ಬಿಟ್ಟು ಆ ಮನುಷ್ಯನನ್ನು ವಾಕ್ಯದ ತಲೆಗೆ ತನ್ನಿ.

“ಐ ಹ್ಯಾವ್ ತ್ರೀ ಇಯರ್ಸ್ ಆಫ್ ಎಕ್ಸ್‌ಪೀರಿಯೆನ್ಸ್.”
“ವಿ ಹ್ಯಾವ್ ಟೂ ಏಕರ್ಸ್ ಆಫ್ ಅರೆಕಾ.”
“ಐ ಡೋಂಟ್ ಹ್ಯಾವ್ ಚೇಂಜ್.”

ಹಾಗಾದರೆ ಈ ‘ಇಂಗ್’ ಎಲ್ಲಿಂದ ಬಂತು? ನನ್ನ ಲೆಕ್ಕದಲ್ಲಿ ‘ಇದೆ’ಯಿಂದಲೇ ಬಂತು. ‘ಓದ್ತಾ ಇದ್ದೇನೆ’ ಎಂದರೆ “ಐ ಆ್ಯಮ್ ರೀಡಿಂಗ್” ಎಂದು ಚಿಕ್ಕ ಕ್ಲಾಸಿನಲ್ಲೇ ಕಲಿತಿದ್ದೇವೆ. ಅಲ್ಲಿಂದ ಇದ್ದೇನೆ, ಇದೆ, ಇದ್ದಾರೆ ಎಂದು ಕಿವಿಗೆ ಬಿದ್ದ ಕೂಡಲೇ ಆ್ಯಮ್ ಒಂದು, ಇಂಗ್ ಒಂದು ತಾನಾಗಿ ಬಂದು ಕೂರುತ್ತವೆ. ಇದು ಕನ್ನಡದವರ ರೋಗ ಮಾತ್ರ ಅಲ್ಲ. ಹಿಂದಿಯಲ್ಲೂ ಹ್ಯಾವ್‌ಗೆ ಬೇರೆ ಕ್ರಿಯಾಪದ ಇಲ್ಲ, ಅವರೂ ಇದನ್ನೇ ಹೇಳುತ್ತಾರೆ.

ಪತ್ತೆ ಮಾಡುವ ದಾರಿ: ಬಾಲದ ‘ಇದೆ’ಗೆ ಮುಂಚೆ ‘ತಾ’ ಇದೆಯಾ ನೋಡಿ. ತೋಟ ಇದೆ. ಇಲ್ಲಿ ‘ತಾ’ ಇಲ್ಲ, ಆದ್ದರಿಂದ ಇಂಗ್ ಬೇಡ. ತಿಂಡಿ ತಿನ್ತಾ ಇದ್ದೇವೆ. ‘ತಾ’ ಇದೆ, ಇಂಗ್ ಬರಲಿ: “ವಿ ಆರ್ ಹ್ಯಾವಿಂಗ್ ಬ್ರೇಕ್‌ಫಾಸ್ಟ್.”

ಎರಡನೆಯದು ಪೂರ್ತಿ ಸರಿ ಎನ್ನುವುದನ್ನು ಒತ್ತಿ ಹೇಳಬೇಕು. “ಹ್ಯಾವಿಂಗ್ ಯಾವಾಗಲೂ ತಪ್ಪು” ಎಂದು ಯಾರೋ ಹೇಳಿಕೊಟ್ಟ ಮೇಲೆ ಊಟದ ಎಲೆ ಮುಂದೆ ಕೂತು “ಐ ಹ್ಯಾವ್ ಲಂಚ್ ನೌ” ಎನ್ನುವವರಿದ್ದಾರೆ. ಹೆದರಿಕೆಯಿಂದ ಹುಟ್ಟಿದ ತಪ್ಪು ಅದು. ಹ್ಯಾವ್ ಎಂದರೆ ‘ಇರುವುದು’ ಆದಾಗ ಇಂಗ್ ಬೇಡ. ತಿನ್ನುವುದು, ಕುಡಿಯುವುದು, ಅನುಭವಿಸುವುದು, ಸಮಾರಂಭ ಇಟ್ಟುಕೊಳ್ಳುವುದು ಆದಾಗ ಬರಬಹುದು. “ವಿ ಆರ್ ಹ್ಯಾವಿಂಗ್ ಟ್ರಬಲ್ ವಿತ್ ದ ನೆಟ್‌ವರ್ಕ್” ಸರಿ. ಆಗುಂಬೆ ಕಡೆ ಇರುವವರಿಗೆ ಇದು ದಿನಾ ಬೇಕಾಗುವ ವಾಕ್ಯವೂ ಹೌದು. ಭಾನುವಾರ ಗೃಹಪ್ರವೇಶ ಇಟ್ಟುಕೊಂಡಿದ್ದೇವೆ ಎನ್ನಲು “ವಿ ಆರ್ ಹ್ಯಾವಿಂಗ್ ಅವರ್ ಹೌಸ್‌ವಾರ್ಮಿಂಗ್ ಆನ್ ಸಂಡೇ” ಸರಿ. ಇಲ್ಲಿ ಕನ್ನಡದ ಬಾಲದಲ್ಲಿ ‘ತಾ’ ಇಲ್ಲದಿದ್ದರೂ ಇಂಗ್ ಬಂತು. ನಮ್ಮ ಪರೀಕ್ಷೆ ಕೈಕೊಡುವ ಜಾಗ ಅದು, ನೆನಪಿರಲಿ.

ಇಂಗ್ ಹಾಕಿದರೆ ಸುಮ್ನೆ ಗ್ರಾಮರ್ ಕೆಡುತ್ತದೆ ಅಷ್ಟೇ ಎಂದುಕೊಳ್ಳಬೇಡಿ, ಕೆಲವು ಸಲ ಅರ್ಥವೇ ಬದಲಾಗುತ್ತದೆ. “ಶಿ ಹ್ಯಾಸ್ ಎ ಬೇಬಿ” ಎಂದರೆ ಅವಳಿಗೆ ಮಗು ಇದೆ. “ಶಿ ಈಸ್ ಹ್ಯಾವಿಂಗ್ ಎ ಬೇಬಿ” ಎಂದರೆ ಅವಳು ಬಸುರಿ. ನಿಮ್ಮ ಅಕ್ಕನ ಬಗ್ಗೆ “ಶಿ ಈಸ್ ಹ್ಯಾವಿಂಗ್ ಟೂ ಚಿಲ್ಡ್ರನ್” ಎಂದರೆ ಕೇಳಿದವರು ಅವಳಿ ಮಕ್ಕಳಾಗುತ್ತವೆ ಎಂದು ಈಗಲೇ ಶುಭಾಶಯ ಹೇಳಿಯಾರು. ಆ ಇಬ್ಬರು ಮಕ್ಕಳು ಹೈಸ್ಕೂಲಿನಲ್ಲಿ ಓದುತ್ತಿರಬಹುದು.

ಮನುಷ್ಯರಿಗಷ್ಟೇ ಅಲ್ಲ, ಮನೆಗೆ, ಊರಿಗೆ, ಜಲಪಾತಕ್ಕೂ ಹ್ಯಾವ್ ಬರುತ್ತದೆ. ತೀರ್ಥಹಳ್ಳಿ, ಹೊಸನಗರ ಕಡೆ ಹೋಂಸ್ಟೇ ನಡೆಸುವವರಿಗೆ ಇದು ಮುಖ್ಯ. “ಅವರ್ ಹೋಂಸ್ಟೇ ಹ್ಯಾಸ್ ಫೋರ್ ರೂಮ್ಸ್. ಈಚ್ ರೂಮ್ ಹ್ಯಾಸ್ ಆನ್ ಅಟ್ಯಾಚ್ಡ್ ಬಾತ್‌ರೂಮ್.” ಜೋಗದ ಬಗ್ಗೆ ಬರೆಯುವಾಗ “ಜೋಗ್ ಹ್ಯಾಸ್ ಫೋರ್ ಫಾಲ್ಸ್” ಎಂದು ಬರೆದು ರಾಜಾ, ರಾಣಿ, ರೋರರ್, ರಾಕೆಟ್ ಹೆಸರು ಹಾಕಿ. ಒಂದೇ ವಸ್ತು ಇದ್ದಾಗ ಹ್ಯಾಸ್, ಜಾಸ್ತಿ ಇದ್ದಾಗ ಹ್ಯಾವ್. ಎಣಿಸಬೇಕಾದ್ದು ಯಜಮಾನನನ್ನು, ಆಸ್ತಿಯನ್ನಲ್ಲ. ರೂಮು ನಾಲ್ಕಿರಬಹುದು, ಹೋಂಸ್ಟೇ ಒಂದೇ, ಅದಕ್ಕೆ ಹ್ಯಾಸ್.

ಜಾಗಕ್ಕೆ ‘ಅಲ್ಲಿ’ ಅಂಟಿದ್ದರೆ ಬೇರೆ ದಾರಿ. ಸಾಗರದಲ್ಲಿ ಒಳ್ಳೆ ಹೋಟೆಲ್ ಇದೆ. “ಇನ್ ಸಾಗರ ಹ್ಯಾಸ್ ಗುಡ್ ಹೋಟೆಲ್” ಎನ್ನಬೇಡಿ. “ದೇರ್ ಈಸ್ ಎ ಗುಡ್ ಹೋಟೆಲ್ ಇನ್ ಸಾಗರ” ಎನ್ನಿ.

ಇನ್ನೊಂದು ಮೋಸದ ಜಾಗ ಮಳೆಗಾಲದಲ್ಲಿ ಸಿಗುತ್ತದೆ. ನನಗೆ ಶೀತ ಆಗಿದೆ, ನನಗೆ ಚಳಿ ಆಗ್ತಿದೆ. ಕನ್ನಡದಲ್ಲಿ ಎರಡೂ ಒಂದೇ ಅಚ್ಚು. ಇಂಗ್ಲಿಷಿನಲ್ಲಿ ಮೂಗು ಸೋರುವ ಶೀತಕ್ಕೆ “ಐ ಹ್ಯಾವ್ ಎ ಕೋಲ್ಡ್”, ಮೈ ನಡುಗುವ ಚಳಿಗೆ “ಐ ಆ್ಯಮ್ ಕೋಲ್ಡ್”. ಹಸಿವು, ಬಾಯಾರಿಕೆ ಕೂಡ ಚಳಿಯ ಗುಂಪಿಗೆ ಸೇರಿದವು: “ಐ ಆ್ಯಮ್ ಹಂಗ್ರಿ.” ಜ್ವರ, ತಲೆನೋವು, ಹೊಟ್ಟೆನೋವು ಶೀತದ ಗುಂಪು: “ಐ ಹ್ಯಾವ್ ಎ ಫೀವರ್.”

ಲಕ್ಷಣ 2: ನಿನ್ನೆ ನಡೆದದ್ದಕ್ಕೆ ಹ್ಯಾಡ್, ಹ್ಯಾವ್ ಎರಡೂ ನುಗ್ಗುವುದು

ನಿನ್ನೆ ಸಾಗರಕ್ಕೆ ಹೋಗಿದ್ದೆ. ಇದಕ್ಕಿಂತ ಸಹಜವಾದ ಕನ್ನಡ ಇಲ್ಲ. ಹೋಗಿ ಬಂದೆ, ಕೆಲಸ ಮುಗೀತು ಎಂಬುದೆಲ್ಲ ಆ ‘ಹೋಗಿದ್ದೆ’ಯಲ್ಲೇ ಇದೆ. ಅದನ್ನು ಹಾಗೇ ಎತ್ತಿ “ಐ ಹ್ಯಾಡ್ ಗಾನ್ ಟು ಸಾಗರ ಯೆಸ್ಟರ್‌ಡೇ” ಎನ್ನುತ್ತೇವೆ. ಇಂಗ್ಲಿಷ್ ಮಾತೃಭಾಷೆಯವರಿಗೆ ಇದು ಅರ್ಧಕ್ಕೆ ನಿಂತ ಮಾತು. ಹ್ಯಾಡ್ ಗಾನ್ ಎಂದ ಕೂಡಲೇ ಅವರು ಇನ್ನೊಂದು ಘಟನೆಗೆ ಕಾಯುತ್ತಾರೆ. ಹೋಗಿದ್ದಿರಿ, ಸರಿ, ಅಷ್ಟರಲ್ಲಿ ಏನಾಯ್ತು? ನಾವು ಅಲ್ಲಿಗೆ ನಿಲ್ಲಿಸಿ ಕಾಫಿ ಕುಡಿಯುತ್ತೇವೆ, ಅವರು ಕಾಯುತ್ತಲೇ ಇರುತ್ತಾರೆ.

ಇಂಗ್ಲಿಷಿನ ಹ್ಯಾಡ್‌ಗೆ ಎರಡು ಘಟನೆ ಬೇಕು, ಎರಡೂ ಹಳೆಯವು, ಒಂದು ಇನ್ನೊಂದಕ್ಕಿಂತ ಮೊದಲಿನದು. ಅಡಿಕೆಗೆ ಔಷಧಿ ಹೊಡೆಯುವ ಮಾತನ್ನೇ ತೆಗೆದುಕೊಳ್ಳಿ. ಮೊನ್ನೆ ಬೋರ್ಡೋ ಹೊಡೆದಿದ್ವಿ. ಸುದ್ದಿ ಅಷ್ಟೇ ಆದರೆ “ವಿ ಸ್ಪ್ರೇಡ್ ಬೋರ್ಡೋ ದ ಡೇ ಬಿಫೋರ್ ಯೆಸ್ಟರ್‌ಡೇ.” ಹ್ಯಾಡ್ ಬೇಡ. ಆದರೆ ಮಳೆ ಹಿಡಿಯುವ ಮೊದಲೇ ಹೊಡೆದಿದ್ವಿ, ಆದರೂ ಕೊಳೆರೋಗ ಬಂತು ಎನ್ನುವುದಾದರೆ ಎರಡು ಘಟನೆ ಆಯಿತು. ಮೊದಲಿನದಕ್ಕೆ ಹ್ಯಾಡ್ ಕೊಡಿ: “ವಿ ಹ್ಯಾಡ್ ಸ್ಪ್ರೇಡ್ ಬಿಫೋರ್ ದ ರೇನ್ಸ್ ಸ್ಟಾರ್ಟೆಡ್, ಬಟ್ ದ ನಟ್ಸ್ ಸ್ಟಿಲ್ ರಾಟೆಡ್.” ಹೊಡೆದ ಮೇಲೂ ರೋಗ ಬಂದ ದುಃಖವೂ ಆ ಹ್ಯಾಡ್‌ನಲ್ಲೇ ಬಂತು.

ಆದ್ದರಿಂದ ಬಾಲದಲ್ಲಿ ‘ಇದ್ದೆ, ಇದ್ವಿ, ಇತ್ತು’ ಕಂಡರೆ ಹ್ಯಾಡ್ ಕಡೆ ಓಡಬೇಡಿ. ‘ಹೋಗಿದ್ದೆ’ ಬದಲು ‘ಹೋದೆ’ ಹಾಕಿ ವಾಕ್ಯ ಓದಿ. ನಿನ್ನೆ ಸಾಗರಕ್ಕೆ ಹೋದೆ. ಸುದ್ದಿ ಕೆಡಲಿಲ್ಲ ಎಂದಾದರೆ ಇಂಗ್ಲಿಷಿನಲ್ಲೂ ಬರಿಯ “ವೆಂಟ್” ಸಾಕು. ನಾನು ಹೋಗುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ಇಲ್ಲಿ ‘ಹೊರಟುಹೋಯ್ತು’ ಎಂದು ಬದಲಿಸಿದರೆ ಅರ್ಥ ಬೇರೆಯಾಗುತ್ತದೆ. ಅಂದರೆ ಹ್ಯಾಡ್ ಬೇಕು: “ದ ಬಸ್ ಹ್ಯಾಡ್ ಲೆಫ್ಟ್ ಬಿಫೋರ್ ಐ ಗಾಟ್ ದೇರ್.”

ಇದರ ತಮ್ಮ ಇನ್ನೊಬ್ಬ ಇದ್ದಾನೆ. ನಿನ್ನೆ ಅರ್ಜಿ ಕೊಟ್ಟಿದ್ದೇನೆ ಎನ್ನುವುದು “ಐ ಹ್ಯಾವ್ ಗಿವನ್ ದ ಅಪ್ಲಿಕೇಶನ್ ಯೆಸ್ಟರ್‌ಡೇ” ಆಗುತ್ತದೆ. ಕನ್ನಡದಲ್ಲಿ ‘ನಿನ್ನೆ’ಯೂ ‘ಇದ್ದೇನೆ’ಯೂ ಒಂದೇ ವಾಕ್ಯದಲ್ಲಿ ಆರಾಮಾಗಿ ಇರುತ್ತವೆ. ಇಂಗ್ಲಿಷಿನಲ್ಲಿ ಇಬ್ಬರಿಗೂ ಆಗಿಬರುವುದಿಲ್ಲ. ಮುಗಿದುಹೋದ ಸಮಯ ಹೇಳಿದರೆ ಹ್ಯಾವ್ ಎದ್ದು ಹೋಗುತ್ತದೆ. ನಿನ್ನೆ, ಹೋದ ವಾರ, ಎರಡು ದಿನದ ಹಿಂದೆ, ಇಸವಿ, ಎಲ್ಲಕ್ಕೂ ಇದೇ ಕಾನೂನು.

ನಮ್ಮೂರಿನ ಇಸವಿಗಳಲ್ಲೇ ಅಭ್ಯಾಸ ಮಾಡಿ. ಶಿಮೊಗ್ಗ ಅಧಿಕೃತವಾಗಿ ಶಿವಮೊಗ್ಗ ಆದದ್ದು 2014ರ ನವೆಂಬರ್ 1ರಂದು. “ದ ನೇಮ್ ಹ್ಯಾಸ್ ಚೇಂಜ್ಡ್” ಎಂದರೆ ಸರಿ, ಇಸವಿ ಇಲ್ಲ. “ದ ನೇಮ್ ಹ್ಯಾಸ್ ಚೇಂಜ್ಡ್ ಇನ್ 2014” ತಪ್ಪು. “ದ ನೇಮ್ ಚೇಂಜ್ಡ್ ಇನ್ 2014” ಸರಿ. ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿಯಲ್ಲಿ: “ದ ಏರ್‌ಪೋರ್ಟ್ ಓಪನ್ಡ್ ಇನ್ 2023.” ಕುವೆಂಪು ವಿಶ್ವವಿದ್ಯಾಲಯ 1987ರದ್ದು: “ಇಟ್ ಸ್ಟಾರ್ಟೆಡ್ ಇನ್ 1987.” ಮೂರರಲ್ಲೂ ಹ್ಯಾಸ್‌ಗೆ ಜಾಗ ಇಲ್ಲ. ಸಾಮಾನ್ಯ ಜ್ಞಾನದ ಪ್ರಬಂಧ ಬರೆಯುವ ಮಕ್ಕಳು ಈ ತಪ್ಪು ಸಾಲು ಸಾಲಾಗಿ ಮಾಡುತ್ತಾರೆ.

ಹೋಗಿದ್ದೇನೆ ಎನ್ನುವುದರಲ್ಲಿ ಇನ್ನೊಂದು ಕೊಕ್ಕೆ. “ನೀವು ಜೋಗ ನೋಡಿದ್ದೀರಾ?” “ಹೂಂ, ಹೋಗಿದ್ದೇನೆ.” ಇದು “ಐ ಹ್ಯಾವ್ ಗಾನ್ ಟು ಜೋಗ್” ಅಲ್ಲ, “ಐ ಹ್ಯಾವ್ ಬೀನ್ ಟು ಜೋಗ್”. ಗಾನ್ ಎಂದರೆ ಹೋದವರು ಇನ್ನೂ ಅಲ್ಲೇ ಇದ್ದಾರೆ. ಎದುರಿಗೆ ಕೂತಿರುವ ನೀವು ಹಾಗೆ ಹೇಳಲು ಬರುವುದಿಲ್ಲ. ಅಣ್ಣ ಬೆಂಗಳೂರಿಗೆ ಹೋಗಿದ್ದಾನೆ, ಮನೆಯಲ್ಲಿಲ್ಲ ಎಂದರೆ ಮಾತ್ರ “ಹೀ ಹ್ಯಾಸ್ ಗಾನ್ ಟು ಬ್ಯಾಂಗಲೋರ್.”

ಲಕ್ಷಣ 3: ಮೂರು ದಿನದಿಂದ ಮಳೆ, ಹ್ಯಾವ್ ನಾಪತ್ತೆ

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಈ ವಾಕ್ಯ ಇಲ್ಲದೆ ಬದುಕಲು ಆಗುವುದಿಲ್ಲ. ಮೂರು ದಿನದಿಂದ ಮಳೆ ಬರ್ತಾ ಇದೆ. ಬರ್ತಾ ಇದೆ ಎಂದರೆ “ಈಸ್ ರೇನಿಂಗ್”, ದಿನದಿಂದ ಎಂದರೆ “ಸಿನ್ಸ್”. ಜೋಡಿಸಿದರೆ “ಇಟ್ ಈಸ್ ರೇನಿಂಗ್ ಸಿನ್ಸ್ ತ್ರೀ ಡೇಸ್”. ಒಂದೊಂದೇ ಪದ ನೋಡಿದರೆ ಸರಿ ಎನಿಸುತ್ತದೆ, ಇಡೀ ವಾಕ್ಯದಲ್ಲಿ ಎರಡು ದೋಷ.

ಮೊದಲನೆಯದು: ಹಿಂದೆ ಶುರುವಾಗಿ ಈಗಲೂ ನಡೀತಿರುವ ಕೆಲಸಕ್ಕೆ ಇಂಗ್ಲಿಷ್ ಬರಿಯ ಈಸ್, ಆ್ಯಮ್ ಒಪ್ಪುವುದಿಲ್ಲ. ಹ್ಯಾಸ್ ಬೀನ್ ಅಥವಾ ಹ್ಯಾವ್ ಬೀನ್ ಬೇಕು. “ಇಟ್ ಈಸ್ ರೇನಿಂಗ್” ಎಂದರೆ ಕಿಟಕಿಯಾಚೆ ಈಗ ಮಳೆ, ಅಷ್ಟೇ. ಎಷ್ಟು ಹೊತ್ತಿನಿಂದ ಎಂದು ಸೇರಿಸಿದ ತಕ್ಷಣ ಹ್ಯಾಸ್ ಬೀನ್ ಬರಬೇಕು.

ಎರಡನೆಯದು ನಮ್ಮ ‘ಇಂದ’. ಸೋಮವಾರದಿಂದ ಎನ್ನುತ್ತೇವೆ, ಮೂರು ದಿನದಿಂದ ಎಂದೂ ಎನ್ನುತ್ತೇವೆ. ಎರಡಕ್ಕೂ ಒಂದೇ ಪ್ರತ್ಯಯ. ಇಂಗ್ಲಿಷಿನಲ್ಲಿ ಶುರುವಾದ ಹೊತ್ತಿಗೆ ಸಿನ್ಸ್, ಕಳೆದ ಅವಧಿಗೆ ಫಾರ್. ಕ್ಯಾಲೆಂಡರಿನಲ್ಲೋ ಗಡಿಯಾರದಲ್ಲೋ ಬೆರಳಿಟ್ಟು ತೋರಿಸಲು ಆಗುವುದಾದರೆ ಸಿನ್ಸ್: ಸಿನ್ಸ್ ಮಂಡೇ, ಸಿನ್ಸ್ ಮಾರ್ನಿಂಗ್, ಸಿನ್ಸ್ ಯುಗಾದಿ. ಲೆಕ್ಕ ಹಾಕಿ ಹೇಳಬೇಕಾದರೆ ಫಾರ್: ಫಾರ್ ತ್ರೀ ಡೇಸ್, ಫಾರ್ ಟೆನ್ ಇಯರ್ಸ್.

“ಇಟ್ ಹ್ಯಾಸ್ ಬೀನ್ ರೇನಿಂಗ್ ಫಾರ್ ತ್ರೀ ಡೇಸ್.”
“ಇಟ್ ಹ್ಯಾಸ್ ಬೀನ್ ರೇನಿಂಗ್ ಸಿನ್ಸ್ ಮಂಡೇ.”

ಮಳೆ ಬಂದ ಮೇಲೆ ಕರೆಂಟ್ ಹೋಗುತ್ತದೆ. ಬೆಳಿಗ್ಗೆಯಿಂದ ಕರೆಂಟ್ ಇಲ್ಲ. “ಫ್ರಮ್ ಮಾರ್ನಿಂಗ್ ಕರೆಂಟ್ ಈಸ್ ನಾಟ್ ದೇರ್” ಎನ್ನುವುದನ್ನು “ವಿ ಹ್ಯಾವಂಟ್ ಹ್ಯಾಡ್ ಪವರ್ ಸಿನ್ಸ್ ಮಾರ್ನಿಂಗ್” ಎಂದು ತಿದ್ದಿ. ಹ್ಯಾವ್, ಹ್ಯಾಡ್ ಎರಡೂ ಒಟ್ಟಿಗೆ ಬಂದಿದ್ದಕ್ಕೆ ಗಾಬರಿ ಬೇಡ, ಅದಕ್ಕೆ ಮುಂದೆ ಬರುತ್ತೇನೆ. ಆಫೀಸಿನವರಿಗೆ ಬೇಕಾದ ವಾಕ್ಯವೂ ಇದೇ ಅಚ್ಚಿನದು. 2015ರಿಂದ ಇಲ್ಲಿ ಕೆಲಸ ಮಾಡ್ತಾ ಇದ್ದೇನೆ: “ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಸಿನ್ಸ್ 2015.” ಇಂಟರ್‌ವ್ಯೂನಲ್ಲಿ ಈ ಒಂದು ವಾಕ್ಯ ಸರಿಯಾಗಿ ಬಂದರೆ ಎದುರಿಗಿರುವವರು ಉಳಿದ ಎಷ್ಟೋ ತಪ್ಪುಗಳನ್ನು ಮಾಫಿ ಮಾಡುತ್ತಾರೆ ಎಂದು ನನ್ನ ನಂಬಿಕೆ.

ಲಕ್ಷಣ 2 ಮತ್ತು 3 ಒಂದೇ ವಿಷಯದಲ್ಲಿ ಪಕ್ಕಪಕ್ಕ ಬರುವುದುಂಟು. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಇಸವಿ ಇದೆ, ಹ್ಯಾವ್ ಬೇಡ: “ಇಟ್ ವಾಸ್ ಫಸ್ಟ್ ಫೌಂಡ್ ಇನ್ 1957.” ಅಂದಿನಿಂದ ಇವತ್ತಿನ ತನಕ ಕಾಯಿಲೆ ಇದೆ, ಹ್ಯಾವ್ ಬೇಕು: “ಇಟ್ ಹ್ಯಾಸ್ ಬೀನ್ ಇನ್ ಮಲ್ನಾಡ್ ಸಿನ್ಸ್ ದೆನ್.”

ಲಕ್ಷಣ 4: ಮಾಡಿಸಿದ್ದನ್ನು ನೀವೇ ಮಾಡಿದಂತೆ ಹೇಳುವುದು

ಇದನ್ನು ಶಾಲೆಯಲ್ಲಿ ಯಾರೂ ಹೇಳಿಕೊಡುವುದಿಲ್ಲ. ಆದರೆ ಕನ್ನಡ ಬಲ್ಲವರಿಗೆ ಇದಕ್ಕಿಂತ ಸುಲಭವಾದ ಹ್ಯಾವ್ ಇನ್ನೊಂದಿಲ್ಲ.

ಹಲ್ಲು ಕೀಳಿಸಿದೆ. ಕಟಿಂಗ್ ಮಾಡಿಸಿದೆ. ಬೈಕ್ ಸರ್ವಿಸ್ ಮಾಡಿಸಿದೆ. ಬಾವಿ ತೆಗೆಸಿದ್ವಿ. ಮಳೆಗಾಲಕ್ಕೆ ಮೊದಲು ಹಂಚು ಹೊದಿಸಿದ್ವಿ. ಎಲ್ಲದರಲ್ಲೂ ‘ಇಸು’ ಇದೆ. ಕೆಲಸ ಬೇರೆಯವರದ್ದು, ದುಡ್ಡು ನಮ್ಮದು. ಇಂಗ್ಲಿಷಿಗೆ ಹೋಗುವಾಗ ಈ ‘ಇಸು’ ದಾರಿಯಲ್ಲಿ ಬಿದ್ದುಹೋಗುತ್ತದೆ. “ಐ ಪುಲ್ಡ್ ಮೈ ಟೂತ್” ಎನ್ನುತ್ತೇವೆ. ಕೇಳಿದವರಿಗೆ ನೀವು ಕನ್ನಡಿ ಮುಂದೆ ಇಕ್ಕಳ ಹಿಡಿದು ನಿಂತದ್ದೇ ಕಣ್ಣಿಗೆ ಬರುತ್ತದೆ.

‘ಇಸು’ ಕಂಡರೆ ಹ್ಯಾಡ್ ಹಾಕಿ, ಅದರ ಹಿಂದೆ ವಸ್ತು, ಅದರ ಹಿಂದೆ ಕ್ರಿಯಾಪದದ ಮೂರನೇ ರೂಪ.

“ಐ ಹ್ಯಾಡ್ ಎ ಟೂತ್ ಪುಲ್ಡ್.”
“ಐ ಹ್ಯಾಡ್ ಮೈ ಬೈಕ್ ಸರ್ವಿಸ್ಡ್.”
“ವಿ ಹ್ಯಾಡ್ ದ ರೂಫ್ ರೀಟೈಲ್ಡ್ ಬಿಫೋರ್ ದ ರೇನ್ಸ್.”

ಪದಗಳ ಸಾಲು ಇಲ್ಲಿ ಪ್ರಾಣ. “ವಿ ಹ್ಯಾಡ್ ಎ ವೆಲ್ ಡಗ್” ಎಂದರೆ ತೆಗೆಸಿದ್ವಿ. “ವಿ ಹ್ಯಾಡ್ ಡಗ್ ಎ ವೆಲ್” ಎಂದರೆ ನಾವೇ ಗುದ್ದಲಿ ಹಿಡಿದು ತೆಗೆದಿದ್ವಿ. ಎರಡು ಪದ ಜಾಗ ಬದಲಾಯಿಸಿದ್ದಕ್ಕೆ ಬಾವಿ ತೆಗೆದವರ ಕೂಲಿಯೇ ಹಾರಿಹೋಯಿತು. ಹ್ಯಾಡ್ ಬದಲು “ಗಾಟ್” ಬಳಸಿದರೂ ನಡೆಯುತ್ತದೆ, “ಐ ಗಾಟ್ ಮೈ ಬೈಕ್ ಸರ್ವಿಸ್ಡ್.” ಮಾತಿನಲ್ಲಿ ಗಾಟ್ ಜಾಸ್ತಿ ಸಲೀಸು, ಪತ್ರದಲ್ಲಿ ಹ್ಯಾಡ್ ಚೆಂದ.

ಲಕ್ಷಣ 5: ‘ಬೇಕು’ ಎಂದರೆ ಯಾವಾಗಲೂ “ವಾಂಟ್”

“ಟುಮಾರೋ ಐ ವಾಂಟ್ ಟು ಗೋ ಟು ಕೋರ್ಟ್.” ಕೋರ್ಟಿಗೆ ಹೋಗಲು ಯಾರಿಗೆ ಆಸೆ? ಕನ್ನಡದ ಬೇಕು ಎರಡು ಕೆಲಸ ಮಾಡುತ್ತದೆ, ಆಸೆಯದ್ದು ಒಂದು, ಅನಿವಾರ್ಯದ್ದು ಒಂದು. ಪಾನಿಪುರಿ ತಿನ್ಬೇಕು ಎನ್ನುವುದು ಆಸೆ. ನಾಳೆ ಕೋರ್ಟಿಗೆ ಹೋಗ್ಬೇಕು ಎನ್ನುವುದು ಕರ್ಮ. ವಾಕ್ಯದ ಕೊನೆಗೆ ‘ಅಂತ ಆಸೆ’ ಎಂದು ಸೇರಿಸಿ ನೋಡಿ. ಹೊಂದಿದರೆ ವಾಂಟ್ ಟು, ನಗು ಬಂದರೆ ಹ್ಯಾವ್ ಟು. “ಐ ಹ್ಯಾವ್ ಟು ಗೋ ಟು ಕೋರ್ಟ್ ಟುಮಾರೋ.” ಹೋಗಬೇಕಾಯ್ತು ಎಂದರೆ “ಐ ಹ್ಯಾಡ್ ಟು ಗೋ.”

ಇಲ್ಲ ಎನ್ನುವಾಗ ಹುಷಾರು. ಬರಬೇಕಾಗಿಲ್ಲ ಎಂದರೆ “ಯು ಡೋಂಟ್ ಹ್ಯಾವ್ ಟು ಕಮ್.” ಬರಬಾರದು ಎಂದರೆ “ಯು ಮಸ್ಟ್ ನಾಟ್ ಕಮ್.” ಹೋಂಸ್ಟೇಯವರು ಅತಿಥಿಗೆ ಈಗಲೇ ದುಡ್ಡು ಕೊಡಬೇಕಾಗಿಲ್ಲ ಎನ್ನಲು ಹೋಗಿ “ಯು ಮಸ್ಟ್ ನಾಟ್ ಪೇ ನೌ” ಎಂದರೆ ಅದು ಉಪಚಾರ ಅಲ್ಲ, ಗದರಿಕೆ.

ಅಂದ ಹಾಗೆ ಹ್ಯಾವ್ ಟು ಬಾಯಲ್ಲಿ “ಹ್ಯಾಫ್ಟು” ಎಂದು ಬರುತ್ತದೆ. ಹಾಗೆ ಕೇಳಿಸಿದರೆ ಬೇರೆ ಪದ ಎಂದುಕೊಳ್ಳಬೇಡಿ.

ಚಿಲ್ಲರೆ ದೋಷಗಳು

“ಡಸ್ ಹೀ ಹ್ಯಾಸ್ ಎ ಬೈಕ್?” ಡಸ್ ಬಂದ ಮೇಲೆ ಹ್ಯಾಸ್ ಬರುವುದಿಲ್ಲ. ಡಿಡ್ ಬಂದ ಮೇಲೆ ಹ್ಯಾಡ್ ಬರುವುದಿಲ್ಲ. ಎರಡಕ್ಕೂ ಬರಿಯ ಹ್ಯಾವ್: “ಡಸ್ ಹೀ ಹ್ಯಾವ್”, “ಐ ಡಿಡಂಟ್ ಹ್ಯಾವ್”.

“ಹೀ ಹ್ಯಾಸ್ ವೆಂಟ್”, “ಐ ಹ್ಯಾವ್ ಏಟ್” ಕೂಡ ಇದೇ ಜಾತಿಯವು. ಸಹಾಯಕ್ಕೆ ನಿಂತ ಹ್ಯಾವ್‌ನ ಹಿಂದೆ ಮೂರನೇ ರೂಪ ಬೇಕು, ಗಾನ್, ಈಟನ್. ಇದಕ್ಕೆ ಉಪಾಯ ಇಲ್ಲ, ಬಾಯಿಪಾಠವೇ ಗತಿ.

ತಿಂಡಿ ಆಯ್ತಾ? ಮಲೆನಾಡಿನಲ್ಲಿ ಹಾಯ್ ಎನ್ನುವುದಕ್ಕೆ ಬದಲು ಕೇಳುವ ಪ್ರಶ್ನೆ ಇದು. “ಬ್ರೇಕ್‌ಫಾಸ್ಟ್ ಓವರ್?” ಎಂದರೆ ಹೋಟೆಲಿನಲ್ಲಿ ತಿಂಡಿ ಖಾಲಿಯಾಯ್ತಾ ಎಂದು ಕೇಳಿದ ಹಾಗಾಗುತ್ತದೆ. “ಹ್ಯಾವ್ ಯು ಹ್ಯಾಡ್ ಬ್ರೇಕ್‌ಫಾಸ್ಟ್?” ಎನ್ನಿ. ಎರಡು ಹ್ಯಾವ್ ಬಂತು ಅಲ್ವಾ? ಮೊದಲನೆಯದು ಸಹಾಯಕ್ಕೆ ಬಂದದ್ದು, ಎರಡನೆಯದು ತಿನ್ನುವ ಹ್ಯಾವ್. “ಹ್ಯಾವ್ ಯು ಈಟನ್” ಎಂಬಲ್ಲಿ ಈಟನ್ ಕೂರುವ ಜಾಗದಲ್ಲಿ ಹ್ಯಾಡ್ ಕೂತಿದೆ, ಅಷ್ಟೇ. ಕರೆಂಟಿನ ವಾಕ್ಯದಲ್ಲೂ ನಡೆದದ್ದು ಇದೇ, ಅಲ್ಲಿ ಎರಡನೆಯದು ‘ಇರುವ’ ಹ್ಯಾವ್.

ಬಡಿಸುವಾಗ “ಟೇಕ್ ಕಡುಬು” ಬೇಡ, “ಹ್ಯಾವ್ ಸಮ್ ಮೋರ್ ಕಡುಬು.” ಕಾಫಿಗೂ ಹ್ಯಾವ್. ಮಾತ್ರೆಗೆ ಮಾತ್ರ ಟೇಕ್. ಕನ್ನಡದಲ್ಲಿ ಎಲ್ಲವನ್ನೂ ತಗೊಳ್ಳುತ್ತೇವೆ, ಅದರಿಂದ ಬಂದ ಗೊಂದಲ.

ಒಂದು ಅರ್ಜಿ ಬಿಚ್ಚಿ ನೋಡೋಣ

ದೋಷಗಳು ಒಂಟಿಯಾಗಿ ಬರುವುದು ಕಡಿಮೆ. ಈ ರಜಾ ಮೆಸೇಜ್ ನೋಡಿ:

“ಸರ್, ಐ ಆ್ಯಮ್ ಹ್ಯಾವಿಂಗ್ ಫೀವರ್ ಸಿನ್ಸ್ ಟೂ ಡೇಸ್. ಯೆಸ್ಟರ್‌ಡೇ ಐ ಹ್ಯಾಡ್ ಗಾನ್ ಟು ಡಾಕ್ಟರ್. ಟುಡೇ ಐ ವಾಂಟ್ ಟು ಡು ಬ್ಲಡ್ ಟೆಸ್ಟ್. ಸೋ ಐ ಆ್ಯಮ್ ನಾಟ್ ಕಮಿಂಗ್ ಟು ಆಫೀಸ್.”

ಮೊದಲ ವಾಕ್ಯದ ಕನ್ನಡ: ನನಗೆ ಎರಡು ದಿನದಿಂದ ಜ್ವರ ಇದೆ. ಬಾಲದ ‘ಇದೆ’ಗೆ ಮುಂಚೆ ‘ತಾ’ ಇಲ್ಲ, ಇಂಗ್ ಹೋಯಿತು. ಹಿಂದೆ ಶುರುವಾಗಿ ಈಗಲೂ ಇದೆ, ಸಹಾಯದ ಹ್ಯಾವ್ ಬಂತು. ಎರಡು ದಿನ ಎನ್ನುವುದು ಲೆಕ್ಕ, ಸಿನ್ಸ್ ಹೋಗಿ ಫಾರ್ ಬಂತು. “ಐ ಹ್ಯಾವ್ ಹ್ಯಾಡ್ ಎ ಫೀವರ್ ಫಾರ್ ಟೂ ಡೇಸ್.”

ಎರಡನೆಯದು: ನಿನ್ನೆ ಡಾಕ್ಟರ ಹತ್ತಿರ ಹೋಗಿದ್ದೆ. ‘ಹೋದೆ’ ಎಂದರೂ ಸುದ್ದಿ ಅದೇ. “ಐ ವೆಂಟ್ ಟು ದ ಡಾಕ್ಟರ್ ಯೆಸ್ಟರ್‌ಡೇ.”

ಮೂರನೆಯದು ಚೆನ್ನಾಗಿದೆ. ಇವತ್ತು ರಕ್ತ ಪರೀಕ್ಷೆ ಮಾಡಿಸಬೇಕು. ‘ಮಾಡಿಸಬೇಕು’ ಎಂಬ ಒಂದೇ ಪದದಲ್ಲಿ ‘ಇಸು’ವೂ ಇದೆ, ‘ಬೇಕು’ವೂ ಇದೆ. ಸೂಜಿ ಚುಚ್ಚುವವರು ನೀವಲ್ಲ, ಆದ್ದರಿಂದ “ಡು” ಹೋಗಲಿ. ಚುಚ್ಚಿಸಿಕೊಳ್ಳುವ ಆಸೆಯೂ ಇಲ್ಲ, ಆದ್ದರಿಂದ “ವಾಂಟ್” ಹೋಗಲಿ. “ಐ ಹ್ಯಾವ್ ಟು ಹ್ಯಾವ್ ಮೈ ಬ್ಲಡ್ ಟೆಸ್ಟೆಡ್ ಟುಡೇ.” ಮೊದಲ ಹ್ಯಾವ್ ‘ಬೇಕು’ವಿನದು, ಎರಡನೆಯದು ‘ಇಸು’ವಿನದು.

ನಾಲ್ಕನೆಯದರಲ್ಲಿ ಗ್ರಾಮರ್ ತಪ್ಪಿಲ್ಲ. ಆದರೆ ಬರೋದಿಲ್ಲ ಎಂದು ಸಾಹೇಬರಿಗೆ ಆರ್ಡರ್ ಮಾಡಿದ ಹಾಗೆ ಕೇಳಿಸುತ್ತದೆ. “ಸೋ ಐ ವೋಂಟ್ ಬಿ ಏಬಲ್ ಟು ಕಮ್ ಟು ಆಫೀಸ್” ಎಂದು ಬದಲಿಸಿ ಕಳಿಸಿ.